‘ಭಾಳ ಮಂದಿ’ಯನ್ನು ಇಂಗ್ಲಿಷಿನಲ್ಲಿ ಹೇಳಿಕೊಟ್ಟದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಬರುವವರಲ್ಲಿ ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ತಯಾರಾಗುವವರೇ ಜಾಸ್ತಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿದರೆ ‘ಕಾಲಿಡಾಕೂ ಜಾಗಾ ಇರಲಿಲ್ರೀ ಸರ್’ ಅಂತಾರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಅಂದರೆ ‘ಮೆನಿ ಪೀಪಲ್ಸ್’ ಅಂದು ಸುಮ್ಮನಾಗುತ್ತಾರೆ. ‘ಪೀಪಲ್’ ಅಂದರೇನೇ ಜನರು. ಅದಕ್ಕೆ ‘ಎಸ್’ ಸೇರಿದರೆ ಬೇರೆ ಬೇರೆ ಜನಾಂಗಗಳು ಅಂತಾಗುತ್ತದೆ.

ಈ ಪಾಠಕ್ಕೆ ಬೋರ್ಡು ಸಾಲದು. ಅದಕ್ಕೇ ಸಂಜೆ ಎಲ್ಲರನ್ನೂ ದುರ್ಗದಬೈಲಿನ ಪೇಟೆಗೆ ಕರೆದುಕೊಂಡು ಹೋಗುತ್ತೇನೆ. ಮಂಡಕ್ಕಿಯ ಗಿರ್ಮಿಟ್ ಮಾರುವ ಗಾಡಿ ಮುಂದೆ ನಾಲ್ಕೈದು ಮಂದಿ ನಿಂತಿದ್ದರೆ ‘ಎ ಫ್ಯೂ ಪೀಪಲ್’. ‘ಎ’ ಬಿಟ್ಟು ಬರೀ ‘ಫ್ಯೂ ಪೀಪಲ್’ ಅಂದಿರೋ, ಗಿರಾಕಿಗಳೇ ಇಲ್ಲ, ವ್ಯಾಪಾರ ಬಿದ್ದುಹೋಗಿದೆ ಅನ್ನೋ ಧಾಟಿ ಬಂತು. ನಿಂತವರು ಅಷ್ಟೇ ಮಂದಿ, ಹೇಳುವವರ ಲೆಕ್ಕಾಚಾರ ಬೇರೆ. ಇನ್ನು ‘ಕ್ವೈಟ್ ಎ ಫ್ಯೂ’ ಅಂದರೆ ಸುಮಾರು ಜನ, ಕಡಿಮೆಯೇನಲ್ಲ. ಗಾಡಿ ಮುಂದೆ ಮಂದಿ ಹೆಚ್ಚು ಕಡಿಮೆ ಆದ ಹಾಗೆ ಈ ಮೂರನ್ನೂ ಬಾಯಿ ಬಿಟ್ಟು ಹೇಳಿಸುತ್ತೇನೆ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಗಟ್ಟಿಯಾಗದ್ದು ಇಲ್ಲಿ ಗಟ್ಟಿಯಾಗುತ್ತದೆ.

‘ಎ ಕಪಲ್ ಆಫ್ ಪೀಪಲ್’ ಅಂದರೆ ಇಬ್ಬರು, ಮಾತಿನಲ್ಲಿ ಇಬ್ಬರು ಮೂವರು. ಬರೀ ‘ಎ ಕಪಲ್’ ಅಂದರೆ ಜೋಡಿ. ಇಬ್ಬರು ಗೆಳೆಯರಿಗೆ ಹಾಗಂದರೆ ಅರ್ಥವೇ ಕೆಡುತ್ತದೆ. ‘ಬಂಚ್’ ಬಾಳೆಹಣ್ಣಿಗೆ ಮಾತ್ರ ಅಂತ ತಿಳಿದವರಿದ್ದಾರೆ. ಹಾಗೇನಿಲ್ಲ, ಗೆಳೆಯರ ನಡುವೆ ‘ಎ ಬಂಚ್ ಆಫ್ ಪೀಪಲ್’ ಧಾರಾಳವಾಗಿ ನಡೆಯುತ್ತದೆ. ‘ಲೋಡ್ಸ್ ಆಫ್’, ‘ಟನ್ಸ್ ಆಫ್’ ಕೂಡ ಹಾಗೇ. ಇವನ್ನು ಆಫೀಸಿನ ರಿಪೋರ್ಟಿನಲ್ಲಿ ಮಾತ್ರ ಬರೆಯಬೇಡಿ. ಅಲ್ಲಿ ‘ಮೆನಿ’ ಸಾಕು. ‘ಅಮೌಂಟ್ ಆಫ್ ಪೀಪಲ್’ ಅಂತೂ ಬೇಡವೇ ಬೇಡ. ಹಾಲು, ದುಡ್ಡಿಗೆ ‘ಅಮೌಂಟ್’ ಸರಿ, ಮನುಷ್ಯರಿಗೆ ‘ನಂಬರ್’.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ‘ಈಸ್’, ‘ಆರ್’ ಜಗಳ. ‘ಎ ಲಾಟ್ ಆಫ್ ಪೀಪಲ್’ ಅಂದರೆ ಭಾಳ ಮಂದಿ. ಅದರಲ್ಲಿ ‘ಎ’ ಇದೆಯಲ್ಲ, ‘ಈಸ್’ ಬರಬೇಕಲ್ವಾ ಸರ್ ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬಸ್ಸಿಗೆ ಕಾಯುತ್ತಿರುವುದು ‘ಲಾಟ್’ ಅಲ್ಲ, ಜನ. ಅದಕ್ಕೆ ‘ಎ ಲಾಟ್ ಆಫ್ ಪೀಪಲ್ ಆರ್ ವೇಟಿಂಗ್’. ‘ಎ ನಂಬರ್ ಆಫ್ ಪೀಪಲ್ ಆರ್ ವೇಟಿಂಗ್’ ಕೂಡ ಹಾಗೇ. ಆದರೆ ‘ದ ನಂಬರ್ ಆಫ್ ಪೀಪಲ್ ಈಸ್ ಗ್ರೋಯಿಂಗ್’. ಇಲ್ಲಿ ಏರುತ್ತಿರುವುದು ಸಂಖ್ಯೆ, ಅದು ಒಂದೇ. ಏನು ಕಾಯುತ್ತಿದೆ, ಏನು ಏರುತ್ತಿದೆ ಅಂತ ಕೇಳಿಕೊಂಡರೆ ಉತ್ತರ ತಾನೇ ಸಿಗುತ್ತದೆ.

ಕೊನೆಗೆ ದೊಡ್ಡ ಲೆಕ್ಕ. ಶಿವರಾತ್ರಿಗೆ ಸಿದ್ಧಾರೂಢ ಮಠದ ತೇರಿಗೆ ಸೇರುವ ಮಂದಿ ಬಗ್ಗೆ ಹೇಳಿಸುತ್ತೇನೆ. ‘ಟೂ ಹಂಡ್ರೆಡ್ ಪೀಪಲ್’ ಅನ್ನುವಾಗ ‘ಎಸ್’ ಇಲ್ಲ, ‘ಹಂಡ್ರೆಡ್ಸ್ ಆಫ್ ಪೀಪಲ್’ ಅನ್ನುವಾಗ ಇದೆ. ನಮ್ಮ ಪೇಪರುಗಳಲ್ಲಿ ‘ಲ್ಯಾಕ್ಸ್ ಆಫ್ ಪೀಪಲ್’ ನಡೆಯುತ್ತದೆ. ಫೋನಿನ ಆ ಕಡೆ ಅಮೆರಿಕದವರಿದ್ದರೆ ‘ಹಂಡ್ರೆಡ್ಸ್ ಆಫ್ ಥೌಸಂಡ್ಸ್’ ಅನ್ನಿ. ಲಕ್ಷದ ಲೆಕ್ಕ ಅವರಲ್ಲಿ ಇಲ್ಲ.