ನಿಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ವೆಬ್‌ಸೈಟ್ ಮಾಡೋದು ಹೇಗೆ? ನಾವು ಎಡವಿದ ಜಾಗಗಳ ಸಮೇತ

ಹುಬ್ಬಳ್ಳಿಯಲ್ಲಿ ನಾವು ಮೂವರು ಸೇರಿ ಒಂದು ಸಣ್ಣ ಓಪನ್ ಸೋರ್ಸ್ ಟೂಲ್ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ ಬಳಸಬಹುದಾದದ್ದು) ಮಾಡಿದ್ದೆವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳನ್ನು ಯೂನಿಕೋಡ್‌ಗೆ (ಈಗ ಎಲ್ಲ ಫೋನು, ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತಕ್ಕೆ) ಬದಲಿಸುತ್ತದೆ, ಅಷ್ಟೇ. ಕೋಡ್‌ಗಿಂತ ಜಾಸ್ತಿ ತಲೆ ತಿಂದಿದ್ದು ಅದರ ವೆಬ್‌ಸೈಟ್.

ಮೊದಲು ಹಾಳೆ ಮೇಲೆ ಬರೆಯಿರಿ: ಬರೋರು ಯಾರು, ಅವರಿಗೆ ಏನು ಬೇಕು? ನಾವು ಮುಖಪುಟದ ತುಂಬಾ ಸ್ವತಂತ್ರ ತಂತ್ರಾಂಶದ ಬಗ್ಗೆ ಭಾಷಣ ಬರೆದಿದ್ದೆವು. ಗದಗಿನ ಪ್ರೆಸ್ಸಿನವರೊಬ್ಬರು ಫೋನ್ ಮಾಡಿ, 'ಎಲ್ಲಾ ಓದಿದೆ ಸರ್, ಇಳಿಸಿಕೊಳ್ಳೋದು ಎಲ್ಲಿ?' ಅಂದರು. ಮುದ್ರಣ ಕಾಶಿಯವರಿಗೆ ಬೇಕಿದ್ದಿದ್ದು ಒಂದು ಬಟನ್! ಈಗ ಮೇಲ್ಗಡೆ ಟೂಲ್ ಏನು ಮಾಡುತ್ತದೆ ಅನ್ನೋ ಒಂದು ಸಾಲು, ಒಂದು ಸ್ಕ್ರೀನ್‌ಶಾಟ್, ಡೌನ್‌ಲೋಡ್ ಬಟನ್. ಲೈಸೆನ್ಸ್, ತಪ್ಪು ತಿಳಿಸುವ ದಾರಿ, ಕೋಡ್‌ನ ಲಿಂಕ್ ಅದರ ಕೆಳಗೆ.

ಡೇಟಾಬೇಸ್ ಬೇಡ. ಸುಮ್ನೆ ಸ್ಟ್ಯಾಟಿಕ್ ಪುಟಗಳು (ಮೊದಲೇ ಸಿದ್ಧ ಮಾಡಿಟ್ಟ ಪುಟಗಳು) ಸಾಕು, ಅವನ್ನು ತಯಾರಿಸಿಕೊಡುವ ಹ್ಯೂಗೋ ಅಥವಾ ಜೆಕಿಲ್ ಬಳಸಿ, ಇಲ್ಲಾ ಕೈಯಲ್ಲೇ ಎಚ್‌ಟಿಎಂಎಲ್ ಬರೆಯಿರಿ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಪಬ್ಲಿಕ್ ರೆಪೊಸಿಟರಿ (ಎಲ್ಲರೂ ನೋಡಬಹುದಾದ ಕೋಡ್ ಸಂಗ್ರಹ) ಇದ್ದರೆ, ಅದರಿಂದಲೇ ಸೈಟ್ ನಡೆಸುವ ಗಿಟ್‌ಹಬ್ ಪೇಜಸ್ ಪುಕ್ಕಟೆ. ಸೆಟ್ಟಿಂಗ್ಸ್‌ಗೆ ಹೋಗಿ, ಪೇಜಸ್ ಒತ್ತಿ, ಬ್ರಾಂಚ್ (ಕೋಡಿನ ಯಾವ ಪ್ರತಿ ಅನ್ನೋದು) ಮತ್ತು ಫೋಲ್ಡರ್ ಆರಿಸಿ, ಸೇವ್ ಮಾಡಿದರೆ ಸ್ವಲ್ಪ ಹೊತ್ತಿಗೆ ಸೈಟ್ ಎದ್ದು ನಿಲ್ಲುತ್ತದೆ. ಸೈಟ್ 1 ಜಿಬಿ ದಾಟಬಾರದು, ಬ್ಯಾಂಡ್‌ವಿಡ್ತ್ (ಸೈಟಿನಿಂದ ಓದುಗರಿಗೆ ಹೋಗುವ ಡೇಟಾ) ಮಿತಿ ತಿಂಗಳಿಗೆ 100 ಜಿಬಿ. ಇನ್‌ಸ್ಟಾಲರ್ ಕಡತವನ್ನು ಸೈಟಿನೊಳಗೆ ತುರುಕಬೇಡಿ, 100 ಎಂಬಿ ದಾಟಿದ ಕಡತವನ್ನು ಗಿಟ್‌ಹಬ್ ಪುಶ್ ಮಾಡಲು (ರೆಪೊಸಿಟರಿಗೆ ಏರಿಸಲು) ಬಿಡೋದೇ ಇಲ್ಲ. ಅದಕ್ಕೆ ರಿಲೀಸಸ್ ಅಂತ ಬೇರೆ ಜಾಗ ಇದೆ, ಬಟನ್‌ಗೆ ಅಲ್ಲಿನ ಲಿಂಕ್ ಕೊಡಿ.

ಕನ್ನಡ ಪುಟಕ್ಕೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆಯುವ ಪದ್ಧತಿ) ಹಾಕೋದು ಮರೆಯಬೇಡಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಇಂಗ್ಲಿಷಿಗೆ ಸರಿ ಕಾಣುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗಟ್ಟಿಗೆ ಹೋಗಿ ಬಡಿಯುತ್ತವೆ, 'ರಾಷ್ಟ್ರ' ಅಂತ ಬರೆದು ನೋಡಿ. ನಾವು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟು ಇಟ್ಟೆವು. ಧಾರವಾಡಕ್ಕೆ ಹೋಗೋ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿ ನೋಡಿದೆ, ಓದೋಕೆ ಬಂತು, ಅಲ್ಲಿಗೆ ಪಾಸ್.

ಇನ್ನು ಸ್ವಂತ ಡೊಮೇನ್, ಅಂದರೆ ಸೈಟಿಗೆ ನಿಮ್ಮದೇ ವಿಳಾಸ. ನಮ್ಮದು ಗೆಳೆಯನೊಬ್ಬನ ಹೆಸರಿನಲ್ಲಿತ್ತು, ಅವನ ಕಾಲೇಜಿನ ಇಮೇಲ್‌ಗೆ ನೋಂದಾಯಿಸಿತ್ತು. ಅವನು ಪಾಸಾಗಿ ಪುಣೆಗೆ ಹೋದ, ಆ ಇಮೇಲ್ ಬಂದ್ ಆಯಿತು, ದುಡ್ಡು ಕಟ್ಟಿ ಅಂತ ಬಂದ ನೆನಪೋಲೆಗಳನ್ನು ಯಾರೂ ನೋಡಲಿಲ್ಲ, ಒಂದಿನ ನಮ್ಮ ವಿಳಾಸ ತೆರೆದರೆ ರಮ್ಮಿ ಆಟದ ಜಾಹೀರಾತು! ಅದಕ್ಕೇ ಹೇಳೋದು, ಗಿಟ್‌ಹಬ್‌ನಲ್ಲಿ ಆರ್ಗನೈಸೇಷನ್ ಖಾತೆ ತೆರೆದು ಇಬ್ಬರನ್ನು ಓನರ್ ಮಾಡಿ, ಡೊಮೇನ್‌ಗೆ ಎಲ್ಲರೂ ನೋಡುವ ಒಂದು ಇಮೇಲ್ ಕೊಡಿ. ಡಿಎನ್‌ಎಸ್ (ವಿಳಾಸ ಯಾವ ಸೈಟಿಗೆ ಹೋಗಬೇಕು ಅನ್ನೋ ದಾಖಲೆ) ಬದಲಿಸಿದ ಮೇಲೆ 24 ಗಂಟೆ ಹಿಡಿಯಬಹುದು, ಗಾಬರಿ ಬೇಡ. ಆಮೇಲೆ 'ಎನ್‌ಫೋರ್ಸ್ ಎಚ್‌ಟಿಟಿಪಿಎಸ್' ಅನ್ನೋದಕ್ಕೆ ಟಿಕ್ ಹಾಕಿ, ಸೈಟ್ ಸುರಕ್ಷಿತ ಸಂಪರ್ಕದಲ್ಲೇ ತೆರೆಯುತ್ತದೆ. ಅದಕ್ಕೆ ಬೇಕಾದ ಸರ್ಟಿಫಿಕೇಟಿಗೆ ದುಡ್ಡಿಲ್ಲ.

ಹಳೆಯ ಡೊಮೇನ್ ನಮಗೆ ವಾಪಸ್ ಸಿಗಲಿಲ್ಲ. ಹೊಸದರ ಗಡುವನ್ನು ಪ್ರೆಸ್ಸಿನವರೇ ಕೊಟ್ಟ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇವೆ.