14 ಮೀಟರ್ ಕೆಳಗಿನ ಬಾವಿಕಟ್ಟೆ

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದಲ್ಲಿ ಡೈವ್ ಮಾಡುವವರ ಹತ್ತಿರ ‘ಮಾವೋರಿ’ ಅನ್ನುವ ಮುಳುಗಿದ ಹಡಗಿನ ಹೆಸರು ಎತ್ತಿದರೆ, "ಅದಾ, 14 ಮೀಟರ್ ಅಷ್ಟೇ, ಹೊಸಬರಿಗೆ ಸರಿ" ಅನ್ನುತ್ತಾರೆ. ನಾನೂ ಮೊದಲ ಸಲ ಹಾಗೇ ಅಂದುಕೊಂಡು ಇಳಿದೆ. ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಬಂಡೆ, ಮೀನು ನೋಡಿ ಅಭ್ಯಾಸ ಇತ್ತು, ಮುಳುಗಿದ ಹಡಗು ಮಾತ್ರ ಅದೇ ಮೊದಲು. ಮರಳಿನ ಮೇಲೆ ಒಂದಷ್ಟು ತುಕ್ಕು ತಗಡು, ಮುರಿದ ಕಂಬಿ ಕಂಡವು. ಅವಸರದಲ್ಲಿ ಕಾಲು ಬಡಿದು ಬಡಿದು ಮರಳೆಲ್ಲ ಎದ್ದಿತು. ಐದೇ ನಿಮಿಷಕ್ಕೆ ಎದುರಿಗಿದ್ದದ್ದೂ ಕಾಣಲಿಲ್ಲ. ದಡಕ್ಕೆ ಬಂದ ಮೇಲೆ ಜೊತೆಗಿದ್ದ ಕುಂದಾಪುರದ ಗೆಳೆಯ, "ಬರೀ ಗುಜರಿ ಮಾರಾಯ" ಅಂದ.

ಆ ಮಾತು ಮನಸ್ಸಲ್ಲೇ ಉಳಿಯಿತು. ರಾತ್ರಿ ಕೂತು ಆ ಹಡಗಿನ ಕಥೆ ಓದಿದೆ.

ಮಾವೋರಿ ಬ್ರಿಟಿಷ್ ನೌಕಾಪಡೆಯ ಡೆಸ್ಟ್ರಾಯರ್, ಅಂದರೆ ವೇಗವಾಗಿ ಓಡುವ ಯುದ್ಧಹಡಗು. 1937ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದದ್ದು, ಸುಮಾರು 115 ಮೀಟರ್ ಉದ್ದ. 1941ರ ಮೇ ತಿಂಗಳಲ್ಲಿ ಬಿಸ್ಮಾರ್ಕ್ ಅನ್ನುವ ಜರ್ಮನ್ ದೈತ್ಯ ಹಡಗನ್ನು ರಾತ್ರಿಯಿಡೀ ಕಾಡಿದ ಹಡಗುಗಳಲ್ಲಿ ಇದೂ ಒಂದು. ಮರುದಿನ ಬಿಸ್ಮಾರ್ಕ್ ಮುಳುಗಿದಾಗ ನೀರಿನಲ್ಲಿ ಬಿದ್ದು ಒದ್ದಾಡುತ್ತಿದ್ದ ಶತ್ರುಗಳನ್ನು ಮೇಲೆತ್ತಿದ ಹಡಗುಗಳಲ್ಲೂ ಇದು ಒಂದು. 25 ಜನರನ್ನು ಹತ್ತಿಸಿಕೊಂಡಿತ್ತು, ಅಷ್ಟರಲ್ಲಿ ಜಲಾಂತರ್ಗಾಮಿ ಇದೆ ಅನ್ನುವ ಅನುಮಾನ ಬಂದು ಉಳಿದ ನೂರಾರು ಜನರನ್ನು ಅಲ್ಲೇ ಬಿಟ್ಟು ಹೊರಡಬೇಕಾಯಿತು. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅದೇ ವರ್ಷ ಡಿಸೆಂಬರ್ 13ರಂದು ಟುನೀಶಿಯಾದ ಕೇಪ್ ಬಾನ್ ಹತ್ತಿರ, ಪೆಟ್ರೋಲ್ ಡ್ರಮ್ಮು ಹೇರಿಕೊಂಡು ಲಿಬಿಯಾಕ್ಕೆ ಹೊರಟಿದ್ದ ಕ್ರೂಸರ್ ಅನ್ನುವ ಇನ್ನೂ ದೊಡ್ಡ ಜಾತಿಯ ಎರಡು ಇಟಾಲಿಯನ್ ಯುದ್ಧಹಡಗುಗಳನ್ನು ಇದೂ ಸೇರಿ ನಾಲ್ಕು ಡೆಸ್ಟ್ರಾಯರ್‌ಗಳು ಕೆಲವೇ ನಿಮಿಷಗಳ ದಾಳಿಯಲ್ಲಿ ಮುಳುಗಿಸಿದವು. ಅದಾಗಿ ಎರಡು ತಿಂಗಳಿಗೆ, 1942ರ ಫೆಬ್ರವರಿ 12ರಂದು, ಮಾಲ್ಟಾದ ಗ್ರಾಂಡ್ ಹಾರ್ಬರಿನಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ ಜರ್ಮನ್ ವಿಮಾನದ ಬಾಂಬ್ ಬಿದ್ದು ಮುಳುಗಿತು. 1945ರಲ್ಲಿ ಅದನ್ನು ಎತ್ತಿ ಬಂದರಿನಿಂದ ಹೊರಗೆ ಹಾಕಿದರು. ಈಗ ವಲೆಟ್ಟಾ ಊರಿನ ಸೇಂಟ್ ಎಲ್ಮೋ ಕೋಟೆಯ ಬುಡದಲ್ಲಿ ನಾವು ನೋಡುವುದು ಅದರ ಮುಂಭಾಗವನ್ನು ಮಾತ್ರ.

ಎರಡನೇ ಸಲ ಹೋಗುವ ಮುಂಚೆ ಆ ಜಾತಿಯ ಹಡಗಿನ ನಕ್ಷೆ ನೋಡಿ, ನೀರೊಳಗೆ ಬರೆಯುವ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಮುಂಭಾಗವನ್ನಷ್ಟೇ ಪೆನ್ಸಿಲ್ಲಿನಲ್ಲಿ ಬಿಡಿಸಿಕೊಂಡೆ. ಮೂತಿ, ಅದರ ಹಿಂದೆ ಒಂದು ಜೋಡಿ ಫಿರಂಗಿ, ಒಂದು ಅಂತಸ್ತು ಮೇಲೆ ಇನ್ನೊಂದು ಜೋಡಿ, ಆಮೇಲೆ ಬ್ರಿಡ್ಜ್, ಅಂದರೆ ಹಡಗು ನಡೆಸುವವರು ನಿಲ್ಲುವ ಜಾಗ. ಅಷ್ಟೇ ಸಾಕು. ನನ್ನ ಕೇಳಿದರೆ ಟಾರ್ಚಿಗಿಂತ ಈ ಚಿತ್ರವೇ ಜಾಸ್ತಿ ಬೆಳಕು ಕೊಟ್ಟಿತು.

ಗಾಳಿ ನೋಡಿಕೊಂಡು ಹೋಗಬೇಕು. ಈಶಾನ್ಯದ ಗಾಳಿಗೆ ಇಲ್ಲಿಯವರು ಗ್ರಿಗಾಲ್ ಅನ್ನುತ್ತಾರೆ, ಅದು ಬೀಸುವ ದಿನ ಆ ಕಲ್ಲಿನ ದಡದಲ್ಲಿ ಇಳಿಯುವುದು ಬೇಡವೇ ಬೇಡ. ಇಳಿಯುವಾಗ ಹೇಗೋ ಇಳಿಯಬಹುದು, ಬೆನ್ನಿಗೆ 12 ಲೀಟರ್ ಸಿಲಿಂಡರ್ ಹೊತ್ತು ವಾಪಸ್ ಹತ್ತುವಾಗ ಅಲೆ ಬಂಡೆಗೆ ಅಪ್ಪಳಿಸುತ್ತದೆ. ದೋಣಿಗಳ ಓಡಾಟವೂ ಇರುತ್ತದೆ. ಹಾಗಾಗಿ ಗಾಳಿ ತುಂಬಿದ ಕಿತ್ತಳೆ ಬಣ್ಣದ ಟ್ಯೂಬನ್ನು ಹಗ್ಗಕ್ಕೆ ಕಟ್ಟಿ ಮೇಲೆ ತೇಲಿಸಿಕೊಂಡೇ ಹೋಗುತ್ತೇವೆ, ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ 70 ಬಾರ್‌ಗೆ ಇಳಿದ ಕೂಡಲೇ ದಡದ ಕಡೆ ತಿರುಗುತ್ತೇವೆ. ವಾಪಸ್ ಬರುವಾಗ ನೀರಿನ ಮೇಲೆ ಈಜಬಾರದು, ತಳದಲ್ಲೇ ಬರಬೇಕು.

ಈ ಸಲ ಮರಳಿನಿಂದ ಒಂದು ಮೊಳ ಮೇಲೆ ನಿಂತು, ಕಪ್ಪೆ ಹಾಗೆ ಕಾಲು ಮಡಚಿ ನಿಧಾನಕ್ಕೆ ತಳ್ಳುತ್ತಾ ಹೋದೆವು. ಮರಳು ಏಳಲಿಲ್ಲ. ಬ್ರಿಡ್ಜಿನ ಕೆಳಗಿನ ತೂತಿನಲ್ಲಿ ಟಾರ್ಚ್ ಬಿಟ್ಟರೆ ಸಣ್ಣ ಕೆಂಪು ಮೀನಿನ ಹಿಂಡು. ಎರಡೂ ಕಡೆ ಬೆಳಕು ಕಾಣುತ್ತಿದ್ದರೂ ನಾವು ಒಳಗೆ ತೂರಲಿಲ್ಲ, ತಗಡು ತೆಳ್ಳಗಾಗಿದೆ. ಕೈ ಊರುವುದೂ ಬೇಡ. ಅಲ್ಲಿ ತುಂಬಾ ಇರುವ ಬೆಂಕಿಹುಳು ಅನ್ನುವ ಕಡಲಹುಳುವನ್ನು ಮುಟ್ಟಿದರೆ ಕೂದಲಿನಂಥ ಮುಳ್ಳು ಚುಚ್ಚಿ ಉರಿಯುತ್ತದೆ.

ಆಮೇಲೆ ಅದು ಕಂಡಿತು. ಮರಳಿನಿಂದ ಎದ್ದ ದುಂಡಗಿನ ಕಬ್ಬಿಣದ ಬಳೆ, ನಮ್ಮೂರ ಬಾವಿಕಟ್ಟೆ ಹಾಗೆ. ಎರಡೂ ಕೈ ಚಾಚಿದರೂ ಆಚೆ ಅಂಚು ಸಿಗದು. ಅಂಚಿನ ತುಂಬ ಕಂದು ಪಾಚಿ, ಅದರ ಮಧ್ಯೆ ಬೆರಳ ತುದಿಯಷ್ಟು ದೊಡ್ಡ ಕಿತ್ತಳೆ ಸ್ಪಂಜು. ಮೊದಲ ಸಲ ಇದರ ಮೇಲಿಂದಲೇ ಹಾದು ಹೋಗಿದ್ದೆ, ಗೊತ್ತೇ ಆಗಿರಲಿಲ್ಲ. ಸ್ಲೇಟ್ ತೋರಿಸಿ, ಫಿರಂಗಿ ಬರೆದ ಜಾಗದ ಮೇಲೆ ಬೆರಳಿಟ್ಟೆ. ಗೆಳೆಯ ಚಿತ್ರ ನೋಡಿದ, ಬಳೆ ನೋಡಿದ, ಮತ್ತೆ ಚಿತ್ರ ನೋಡಿದ. 4.7 ಇಂಚಿನ ಜೋಡಿ ಫಿರಂಗಿ ಕೂತು ತಿರುಗುತ್ತಿದ್ದ ಪೀಠ ಅದು. ಒಳಗೆ ಒಂದು ಆಕ್ಟೋಪಸ್ ಚಿಪ್ಪು ಗುಡ್ಡೆ ಹಾಕಿಕೊಂಡು ಮನೆ ಮಾಡಿತ್ತು, ನಮ್ಮನ್ನು ನೋಡಿ ಬಣ್ಣ ಬದಲಿಸಿ ಒಂದು ಚಿಪ್ಪನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡಿತು.

ದಡಕ್ಕೆ ಬಂದು ಸಿಲಿಂಡರ್ ಇಳಿಸಿದ ಮೇಲೂ ಅವನು ಜಾಸ್ತಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ 25 ಜನರನ್ನು ಎತ್ತಿದ್ದು ಇದೇ ಹಡಗಲ್ವಾ?" ಅಂತ ಕೇಳಿದ. ಹೌದು ಅಂದೆ.