ಹಳೇ ಸ್ವಿಚ್‌ನಲ್ಲಿ ಉಬುಂಟು: ನನ್ನ ಅನುಭವ

ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಆಡುವ ಯಂತ್ರದಲ್ಲಿ ಲಿನಕ್ಸ್ (ಉಬುಂಟು ಅದರದ್ದೇ ಒಂದು ರೂಪ) ಓಡಿಸುವ ಆಸೆ ಇದ್ದರೆ ಮೊದಲು ಅದು ಯಾವಾಗಿನದ್ದು ಅಂತ ನೋಡಿ. 2017ರಲ್ಲಿ ಬಂದ ಮೊದಲ ಸ್ವಿಚ್‌ಗಳ ಟೆಗ್ರಾ ಎಕ್ಸ್1 ಚಿಪ್ಪಿನಲ್ಲೇ ಒಂದು ದೋಷ ಇದೆ. ರಿಕವರಿ ಮೋಡ್‌ನಲ್ಲಿ, ಅಂದರೆ ರಿಪೇರಿಗೆಂದು ಇಟ್ಟ ಸ್ಥಿತಿಯಲ್ಲಿ, ಯುಎಸ್‌ಬಿಯಿಂದ ಎಷ್ಟು ಉದ್ದದ ಡೇಟಾ ಕೇಳಿದರೂ ಅದು ಅಳತೆ ನೋಡದೆ ಕಾಪಿ ಮಾಡುತ್ತದೆ. ಆ ಸಂದಿಯಲ್ಲಿ ನಮ್ಮ ಕೋಡ್ ಒಳಗೆ ಹೋಗುತ್ತದೆ. 2018ರಲ್ಲಿ 'ಫ್ಯೂಸೇ ಜಿಲೇ' ಅನ್ನೋ ಹೆಸರಲ್ಲಿ ಇದು ಬಯಲಾಯಿತು. ದೋಷ ಇರುವುದು ಬೂಟ್ ರೋಮ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಓಡುವ, ಚಿಪ್ಪಿನಲ್ಲೇ ಅಚ್ಚಾದ ಕೋಡ್‌ನಲ್ಲಿ. ಹಾಗಾಗಿ ಮಾರಿಹೋದ ಸ್ವಿಚ್‌ಗಳನ್ನು ಅಪ್‌ಡೇಟ್ ಕಳಿಸಿ ಸರಿಮಾಡಲು ಆಗಲಿಲ್ಲ. ಆಮೇಲೆ ತಯಾರಾದವುಗಳಲ್ಲಿ ಈ ದಾರಿ ಮುಚ್ಚಿದೆ. ಸೀರಿಯಲ್ ನಂಬರ್ ನೋಡಿದರೆ ಗೊತ್ತಾಗುತ್ತದೆ.

ನನ್ನದು ತುಮಕೂರಿನಲ್ಲೇ ಪರಿಚಯದವರಿಂದ ಕೊಂಡ ಸೆಕೆಂಡ್ ಹ್ಯಾಂಡ್. ಗೇಮ್ ಕಾರ್ಡ್ ಸ್ಲಾಟ್ ಕೆಟ್ಟಿತ್ತು, ಅಗ್ಗಕ್ಕೆ ಕೊಟ್ಟರು. ಲಿನಕ್ಸಿಗೆ ಆ ಸ್ಲಾಟ್ ಯಾಕೆ ಬೇಕು, ಅಲ್ವಾ?

ಕಷ್ಟ ಇರುವುದೆಲ್ಲ ರಿಕವರಿ ಮೋಡ್‌ಗೆ ಹೋಗುವುದರಲ್ಲಿ. ಬಲಗಡೆ ಜಾಯ್‌ಕಾನ್ (ಕಳಚಬಹುದಾದ ಕಂಟ್ರೋಲರ್) ಜಾರಿಸುವ ಕಂಬಿಯ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಪಿನ್ನುಗಳ ಸಾಲಿದೆ. ಅದರಲ್ಲಿ 10ನೆಯದನ್ನು ಗ್ರೌಂಡಿಗೆ ಸೇರಿಸಿ, ವಾಲ್ಯೂಮ್ ಹೆಚ್ಚಿಸುವ ಬಟನ್ ಹಿಡಿದುಕೊಂಡೇ ಪವರ್ ಒತ್ತಬೇಕು. ಕೆಲವರು ಪೇಪರ್ ಕ್ಲಿಪ್ ತುರುಕುತ್ತಾರೆ. ನಾನಂತೂ ಒಪ್ಪುವುದಿಲ್ಲ. ಪಕ್ಕದ ಪಿನ್ನಿಗೆ ತಾಗಿದರೆ ಸುಮ್ನೆ ಬೋರ್ಡ್ ಹಾಳು. ಜಿಗ್ ಅಂತ, ಆ ಪಿನ್ನು ಸೇರಿಸುವ ತಂತಿ ಇರುವ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಅದನ್ನೇ ಜಾರಿಸಿ. ಕೆಲಸ ಆಗಿದ್ದರೆ ಪರದೆ ಕಪ್ಪಗೇ ಇರುತ್ತದೆ. ಏನೂ ಆಗಲಿಲ್ಲ ಅಂತ ಮತ್ತೆ ಮತ್ತೆ ಪವರ್ ಒತ್ತಬೇಡಿ.

ಆಂಡ್ರಾಯ್ಡ್ ಫೋನಿಗೆ ಕೇಬಲ್ ಸಿಕ್ಕಿಸಿ ಅಲ್ಲಿಂದ ಹೆಕಾಟೆ ಅನ್ನೋ, ಸಿಸ್ಟಂ ಶುರುಮಾಡುವ ಪುಟ್ಟ ಪ್ರೋಗ್ರಾಂ ಕಳಿಸಿದೆ, ಮೆನು ಬಂತು. ಮೊದಲ ಕೆಲಸ ಒಳಗಿನ 32 ಜಿಬಿ ಮೆಮೊರಿಯ ಬ್ಯಾಕಪ್. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಆಮೇಲೆ ಹೆಕಾಟೆಯಲ್ಲೇ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ ಲಿನಕ್ಸಿಗೆ ಜಾಗ ಮಾಡಿದೆ. ಆಗ ಕಾರ್ಡ್ ಪೂರ್ತಿ ಅಳಿಸಿಹೋಗುತ್ತದೆ, ಬ್ಯಾಕಪ್ಪನ್ನು ಮೊದಲೇ ಕಂಪ್ಯೂಟರಿಗೆ ಸಾಗಿಸಿರಬೇಕು. ಸ್ವಿಚ್‌ಗೆ ಲಿನಕ್ಸ್ ಹೊಂದಿಸುವ ಸ್ವಿಚ್‌ರೂಟ್ ತಂಡದ ಉಬುಂಟು ಫೈಲುಗಳನ್ನು ಕಾಪಿ ಮಾಡಿ ಫ್ಲ್ಯಾಶ್ ಒತ್ತಿದೆ. ಅಷ್ಟೇ. ಲಿನಕ್ಸ್ ಇರುವುದು ಕಾರ್ಡಿನಲ್ಲಿ. ಕಾರ್ಡ್ ತೆಗೆದು ಮಾಮೂಲಿಯಾಗಿ ಆನ್ ಮಾಡಿದರೆ ಹಳೇ ಸ್ವಿಚ್ಚೇ ಬರುತ್ತದೆ.

ಟಿವಿಗೆ ಜೋಡಿಸುವ ಡಾಕ್ ಅನ್ನೋ ಸ್ಟ್ಯಾಂಡಿನಲ್ಲಿ ಕೂರಿಸಿದರೆ ಟಿವಿಯೇ ಮಾನಿಟರ್. ಕೀಬೋರ್ಡ್, ಮೌಸ್ ಡಾಕ್‌ನ ಯುಎಸ್‌ಬಿಗೆ. ಕನ್ನಡ ಟೈಪ್ ಮಾಡಲು ಐಬಸ್ ಅನ್ನೋ ತಂತ್ರಾಂಶದಲ್ಲಿ ಕಗಪ ಕೀಲಿ ವಿನ್ಯಾಸ ಹಾಕಿಕೊಂಡೆ, ಗುಬ್ಬಿ ಫಾಂಟ್ ಕೂಡ. ಗುಬ್ಬಿ ನಮ್ಮ ಪಕ್ಕದ ತಾಲ್ಲೂಕು, ಬಿಡೋಕಾಗುತ್ತಾ! ಬರೆಯೋದು, ಲೆಕ್ಕ ಇಡೋದು, ವಿಡಿಯೋ ನೋಡೋದು ಆರಾಮಾಗಿ ಆಗುತ್ತದೆ. ಆದರೆ ರ‍್ಯಾಮ್ 4 ಜಿಬಿ ಮಾತ್ರ. ಬ್ರೌಸರಿನಲ್ಲಿ ಟ್ಯಾಬ್ ಜಾಸ್ತಿ ಆದರೆ ತಿಣುಕುತ್ತದೆ. ಅದೂ ಅಲ್ಲದೆ ಇದರದ್ದು ಆರ್ಮ್ ಬಗೆಯ ಚಿಪ್ಪು, ಮಾಮೂಲಿ ಪಿಸಿಗೆ ಅಂತ ಮಾಡಿದ ಪ್ಯಾಕೇಜುಗಳು ಹಾಗೇ ಓಡುವುದಿಲ್ಲ. ಇದನ್ನೇ ಮನೆಯ ಒಂದೇ ಕಂಪ್ಯೂಟರ್ ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ. ಕರೆಂಟ್ ಹೋದಾಗ ಮಾತ್ರ ಇದರ ಸುಖ ಗೊತ್ತಾಗುತ್ತದೆ. ಡಾಕ್‌ನಿಂದ ಎತ್ತಿಕೊಂಡರೆ ಬ್ಯಾಟರಿ ಮೇಲೆ ಕೆಲಸ ಮುಂದುವರಿಯುತ್ತದೆ.

ಪೂರ್ತಿ ಆಫ್ ಮಾಡಿದರೆ ಮತ್ತೆ ಜಿಗ್, ಮತ್ತೆ ಫೋನು. ಅದಕ್ಕೇ ನಾನು ಸ್ಲೀಪ್‌ಗೆ ಹಾಕಿಬಿಡುತ್ತೇನೆ. ಜಿಗ್ಗನ್ನು ಡಾಕ್‌ನ ಹಿಂಬದಿಗೆ ಟೇಪ್ ಹಾಕಿ ಅಂಟಿಸಿದ್ದೇನೆ, ಇಲ್ಲದಿದ್ದರೆ ಹುಡುಕೋದೇ ಒಂದು ಕೆಲಸ.